ಸೀಳಿದ ಚಕ್ರ

ತಾತನ ವಾಚನ್ನು ನಾನು ಕಂಡದ್ದು ಫೋಟೋದಲ್ಲಿ ಮಾತ್ರ. ಶಿವನಸಮುದ್ರದ ಬ್ಲಫ್‌ನಲ್ಲಿ, ಕೆಳಗಿನ ಪವರ್‌ಹೌಸಿಗೆ ಇಳಿಯುವ ಟ್ರಾಲಿಯ ಪಕ್ಕ ನಿಂತು ತೆಗೆಸಿಕೊಂಡದ್ದು. ತಲೆಗೆ ಪೇಟ, ಮೈಗೆ ಕರೀ ಕೋಟು, ಬರಿಗಾಲು. ಎಡಗೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಾರೆ, ವಾಚು ಕಾಣಬೇಕಲ್ಲ. 1930ರ ದಶಕದ ಸ್ವಿಸ್ ವಾಚು, ಬೆಂಗಳೂರಿನಲ್ಲಿ ಕೊಂಡದ್ದು. ಅಜ್ಜಿ ಕಡೇವರೆಗೂ ಅದರ ಬೆಲೆಯನ್ನು ರೂಪಾಯಿ ಲೆಕ್ಕದಲ್ಲಿ ಹೇಳಿದವರಲ್ಲ. "ಒಂದ್ ಜೊತೆ ಎತ್ತ ಕೈಗೆ ಕಟ್ಕಂಡ್ ತಿರುಗ್ತಿದ್ರು ನಿಮ್ತಾತ" ಅನ್ನುತ್ತಿದ್ದರು. ಆ ಎತ್ತಿನ ಜೊತೆ ಸೋದರತ್ತೆಯ ಮದುವೆಯ ಹೊತ್ತಿಗೆ ಗಿರವಿಗೆ ಹೋಯಿತು. ಬಿಡಿಸಿಕೊಳ್ಳಲು ಆಗಲಿಲ್ಲ.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಹಿಡಿದ ಹುಚ್ಚು ಆ ವಾಚನ್ನು ಮತ್ತೊಮ್ಮೆ ಮಾಡುವುದು. ಅಂಥದ್ದೊಂದನ್ನು ಹುಡುಕಿ ಕೊಳ್ಳಬಹುದಿತ್ತು, ಆದರೆ ಕೊಂಡದ್ದು ಇನ್ಯಾರದೋ ತಾತನ ವಾಚಾಗುತ್ತದೆ. ನನಗೆ ಬೇಕಾದದ್ದು ಫೋಟೋದಲ್ಲಿದ್ದ ಹಾಗೇ, ಹೊರಗೂ ಒಳಗೂ, ಗೆರೆಗೆ ಗೆರೆ ಕೂಡುವ ನಕಲು. ಈ ಹವ್ಯಾಸದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ ಎಂಬುದು ಆಮೇಲೆ ಗೊತ್ತಾಯಿತು. ಮಳವಳ್ಳಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೊದಲ ತೊಡಕು ಅಳತೆ. ಫೋಟೋದಲ್ಲಿ ವಾಚು ಹೆಸರುಕಾಳಿನಷ್ಟು. ದೊಡ್ಡದು ಮಾಡಿಸಿದರೆ ಬಿಳಿ ಡಯಲ್, ಆರು ಗಂಟೆಯ ಜಾಗದಲ್ಲಿ ಸೆಕೆಂಡಿನ ಪುಟ್ಟ ವೃತ್ತ, ಎಲೆಯಾಕಾರದ ಮುಳ್ಳು, ಇಷ್ಟು ಕಂಡವು. ಆದರೆ ಎಷ್ಟು ಅಗಲ? ತಾತನ ಕೋಟು ಇನ್ನೂ ಟ್ರಂಕಿನಲ್ಲಿತ್ತು. ಅದರ ಗುಂಡಿ 15 ಮಿಲಿಮೀಟರು. ಫೋಟೋದಲ್ಲಿ ವಾಚಿನ ಹತ್ತಿರದ ಗುಂಡಿಯನ್ನೂ ವಾಚನ್ನೂ ಹೋಲಿಸಿದರೆ ವಾಚು 31 ಮಿಲಿಮೀಟರು. ಈಗಿನ ಹುಡುಗರು ಕಟ್ಟುವ ತಟ್ಟೆಗಳ ಮುಂದೆ ಅದು ಹೆಂಗಸರ ವಾಚು. ಆ ಕಾಲದ ಗಂಡಸಿಗೆ ಅದೇ ದೊಡ್ಡದು.

ಅತ್ತೆಗೆ ಕಂಪನಿಯ ಹೆಸರು ನೆನಪಿತ್ತು. ಆಗ ನಮ್ಮ ಸೀಮೆಯಲ್ಲಿ ಕೈಗೆ ವಾಚು ಅಂದರೆ ವೆಸ್ಟ್ ಎಂಡ್, ಫಾವ್ರೆ ಲ್ಯೂಬಾ, ಇವೇ. ಎಲ್ಲಾ ಮುಂಬಯಿಯ ಮೂಲಕ ಬರುತ್ತಿದ್ದ ಸ್ವಿಸ್ ಮಾಲು. ತಾತನದು ಇವೆರಡೂ ಅಲ್ಲ, ಇದಕ್ಕಿಂತ ಒಂದು ಕೈ ಮೇಲಿನದು. ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದ ವಾಚಿನ ಡಯಲಿನ ಮೇಲೂ ಬರೆದಿಲ್ಲ. ಹೆಸರು ಬರೆಯದೆ ಇದ್ದರೆ ಅದು ಪ್ರತಿಕೃತಿ, ಬರೆದರೆ ಕಳ್ಳಮಾಲು. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ರಂಗನಾಥನನ್ನೇ ನೋಡಿ: ಆದಿರಂಗ ಶ್ರೀರಂಗಪಟ್ಟಣದಲ್ಲಿ, ಮಧ್ಯರಂಗ ನಮ್ಮ ಶಿವನಸಮುದ್ರದಲ್ಲಿ, ಅಂತ್ಯರಂಗ ಶ್ರೀರಂಗದಲ್ಲಿ ಮಲಗಿದ್ದಾನೆ. ಮಧ್ಯದವನನ್ನು ಮೊದಲಿನವನ ನಕಲು ಎಂದು ಯಾರೂ ಅನ್ನುವುದಿಲ್ಲ, ಯಾಕೆಂದರೆ ಮಧ್ಯದವನು ತಾನು ಆದಿರಂಗ ಎಂದು ಹೇಳಿಕೊಂಡಿಲ್ಲ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ ಎರಡು ವರ್ಷ ಅಲೆದೆ. ಗೋಣಿಚೀಲದ ಮೇಲೆ ಕಬ್ಬಿಣದ ಬೀಗ, ಹಳೇ ಕ್ಯಾಮೆರಾ, ನಲ್ಲಿಗಳ ನಡುವೆ ಸತ್ತ ವಾಚುಗಳ ಮಿಷಿನ್ನುಗಳನ್ನು ರಾಶಿ ಹಾಕಿರುತ್ತಾರೆ. ಅದರಲ್ಲೊಂದು ದಿನ ಅದೇ ಕಂಪನಿಯ, ಅದೇ ಕಾಲದ ಮಿಷಿನ್ ಸಿಕ್ಕಿತು. ಕೇಸು ಇಲ್ಲ, ಡಯಲ್ ಇಲ್ಲ, ಬರೀ ಮಿಷಿನ್. ಕೀ ಕೊಟ್ಟರೆ ಮಿಸುಕಾಡಲಿಲ್ಲ. ಕೊಂಡುಕೊಂಡು ಬಂದೆ.

ಡಯಲ್ ಮಾಡಿದ ಕತೆಯನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಅದೊಂದು ನನ್ನ ಪಾಠದ ಮಟ್ಟಕ್ಕೆ ತಕ್ಕ ಕೆಲಸ. ಹಿತ್ತಾಳೆ ತಗಡನ್ನು ವೃತ್ತಾಕಾರಕ್ಕೆ ಕತ್ತರಿಸಿ ಉಜ್ಜಿ, ಅದರ ಮೇಲೆ ಸಿಲ್ವರ್ ಕ್ಲೋರೈಡು, ಉಪ್ಪು, ಕ್ರೀಮ್ ಆಫ್ ಟಾರ್ಟರ್ ಸೇರಿಸಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಬೇಕು. ಕಣ್ಣೆದುರೇ ಹಿತ್ತಾಳೆ ಬೆಳ್ಳಗಾಗುತ್ತದೆ. ಹಳೇ ಗಡಿಯಾರದವರು ಇದೇ ರೀತಿ ಮಾಡುತ್ತಿದ್ದರು. ಮುಳ್ಳುಗಳನ್ನು ಹಳೇ ಅಲಾರಂ ಗಡಿಯಾರದ ಸ್ಪ್ರಿಂಗಿನಿಂದ ಅರದಲ್ಲಿ ಉಜ್ಜಿ ತೆಗೆದೆ. ಅವು ನೀಲಿಯಾಗಬೇಕು. ಬಣ್ಣ ಬಳಿಯುವುದಿಲ್ಲ, ಹಿತ್ತಾಳೆ ಪುಡಿಯ ಮೇಲಿಟ್ಟು ಬಿಸಿ ಮಾಡಿದರೆ ಉಕ್ಕು ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ಬಂದಾಗ ನವಿಲುನೀಲಿ. ಒಂದು ಕ್ಷಣ ತಡವಾದರೆ ಬೂದಿಯ ಬಣ್ಣಕ್ಕೆ ಹೋಗಿಬಿಡುತ್ತದೆ. ಹನ್ನೊಂದು ಮುಳ್ಳು ಹಾಳಾದವು. ಬಿಸಿಗೂ ಉಕ್ಕಿಗೂ ಇರುವ ಸಂಬಂಧ ನನಗೆ ಇನ್ನೂ ಪಾಠ ಕಲಿಸಬೇಕಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ಮಿಷಿನ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಕಣ್ಣಿಗೆ ಗ್ಲಾಸು ಸಿಕ್ಕಿಸಿಕೊಂಡು ನೋಡಿದಾಗ ಎಲ್ಲಾ ಚೆನ್ನಾಗಿಯೇ ಇತ್ತು, ಒಂದರ ಹೊರತು. ಅತ್ತ ಇತ್ತ ತೂಗುವ ಬ್ಯಾಲೆನ್ಸ್ ಚಕ್ರ ಸೀಳಿತ್ತು. ಒಂದೇ ಕಡೆ ಅಲ್ಲ, ಎರಡು ಕಡೆ. ಅಂಚಿನ ಬಳೆ ಎರಡು ತುಂಡಾಗಿ, ಒಂದೊಂದು ತುಂಡೂ ನಡುವಿನ ಅಡ್ಡಪಟ್ಟಿಯ ತುದಿಗೆ ಒಂದೇ ಕಡೆ ಅಂಟಿಕೊಂಡು ನಿಂತಿತ್ತು. ಒಂದರ ತುದಿ ಸ್ವಲ್ಪ ಸೊಟ್ಟಗಾಗಿತ್ತು. ಅಂಚಿನ ಸುತ್ತ ಸಾಸಿವೆಗಿಂತ ಸಣ್ಣ ಸ್ಕ್ರೂಗಳು, ಒಂದು ಬಿದ್ದುಹೋಗಿತ್ತು. ಎಪ್ಪತ್ತು ಎಂಬತ್ತು ವರ್ಷದ ಮಾಲು, ಬಿದ್ದು ಒಡೆದಿದೆ ಪಾಪ, ಅಂದುಕೊಂಡೆ. ಇನ್ನೊಂದು ಸತ್ತ ಮಿಷಿನ್ನಿನಿಂದ ಅಷ್ಟೇ ಗಾತ್ರದ, ಸೀಳಿಲ್ಲದ ಗಟ್ಟಿ ಚಕ್ರ ತೆಗೆದು ಹಾಕಿದೆ. ಹೇರ್‌ಸ್ಪ್ರಿಂಗ್ ಮಾತ್ರ ಹಳೆಯದನ್ನೇ ಉಳಿಸಿಕೊಂಡೆ. ಕೂದಲಿಗಿಂತ ತೆಳುವಾದ ನೀಲಿ ಉಕ್ಕಿನ ಸುರುಳಿ. ಅಷ್ಟು ಚೆಂದದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ.

ಚಕ್ರಕ್ಕೂ ಸ್ಪ್ರಿಂಗಿಗೂ ಹೊಂದಿಸುವುದು ವಾರಗಟ್ಟಲೆಯ ಕೆಲಸ. ಗಂಟೆಗೆ 18,000 ಟಿಕ್ ಬೀಳಬೇಕು, ಸೆಕೆಂಡಿಗೆ 5. ಅಂದರೆ ಚಕ್ರ ಸೆಕೆಂಡಿಗೆ ಎರಡೂವರೆ ಸಲ ಹೋಗಿ ಬರಬೇಕು. ಶಿವನಸಮುದ್ರದಲ್ಲಿ ಮೊದಲು ಹುಟ್ಟುತ್ತಿದ್ದ ಕರೆಂಟು 25 ಸೈಕಲಿನದು, ಇದರ ಸರಿಯಾಗಿ ಹತ್ತರಷ್ಟು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಲೆಕ್ಕ ಹಾಕಿ ಒಬ್ಬನೇ ಖುಷಿಪಟ್ಟೆ.

ಸಂಕ್ರಾಂತಿಯ ಹೊತ್ತಿಗೆ ವಾಚು ಓಡಿತು. ದಿನಕ್ಕೆ ಹತ್ತು ಸೆಕೆಂಡು ಮುಂದೆ. ಎಳ್ಳು ಬೀರಲು ಬಂದವರಿಗೆಲ್ಲ ಕೈ ಚಾಚಿ ತೋರಿಸಿದೆ, ತಾತನ ಹಾಗೇ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ವಾಚು ಹಿಂದೆ ಬೀಳತೊಡಗಿತು. ಮೊದಲು ದಿನಕ್ಕೆ ಅರ್ಧ ನಿಮಿಷ, ಆಮೇಲೆ ಒಂದು, ಏಪ್ರಿಲ್ ಕೊನೆಗೆ ಎರಡು ನಿಮಿಷಕ್ಕೂ ಮಿಕ್ಕಿ. ಎಣ್ಣೆ ಗಟ್ಟಿಯಾಗಿದೆಯೇನೋ ಎಂದು ತೊಳೆದೆ. ಮೇನ್‌ಸ್ಪ್ರಿಂಗ್ ಸೋತಿದೆಯೇನೋ ಎಂದು ಬದಲಾಯಿಸಿದೆ. ಫೋನಿನ ಅಯಸ್ಕಾಂತ ತಾಗಿದೆಯೇನೋ ಎಂದು ದಿಕ್ಸೂಚಿ ಹಿಡಿದು ನೋಡಿದೆ, ಮುಳ್ಳು ಅಲುಗಲಿಲ್ಲ. ಒಂದು ಮಳೆ ಬಿದ್ದು ತಂಪಾದ ರಾತ್ರಿ ವಾಚು ತಾನೇ ಚೇತರಿಸಿಕೊಂಡಿತು. ಮಾರನೆಯ ದಿನ ಬಿಸಿಲು, ಮತ್ತೆ ಹಿಂದೆ. ಆಗ ನೋಟ್‌ಬುಕ್ಕು ತೆಗೆದೆ. ಒಂದು ಕಡೆ ತಾಪಮಾನ, ಇನ್ನೊಂದು ಕಡೆ ವಾಚು ತಪ್ಪಿದ ಸೆಕೆಂಡು.

ತಂಪಿನ ಕಡೆಯ ಲೆಕ್ಕ ಬೇಕಲ್ಲ? ವಾಚನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮನೆಯವಳು ಬಾಗಿಲು ತೆರೆದವಳೇ, "ಇದೇನ್ರೀ, ಮೊಸರಿನ ಪಕ್ಕ ಟಿಕ್ ಟಿಕ್ ಅಂತೈತೆ!" ಅಂದಳು. ತೆಗೆದು ನೋಡಿದರೆ ಹನ್ನೆರಡು ಗಂಟೆಗೆ ಹತ್ತಿರ ಹತ್ತಿರ ಎರಡು ನಿಮಿಷ ಮುಂದೆ ಓಡಿತ್ತು. ಗೆರೆ ಎಳೆದು ನೋಡಿದೆ: ಒಂದು ಡಿಗ್ರಿ ಬಿಸಿ ಏರಿದರೆ ದಿನಕ್ಕೆ ಸುಮಾರು 11 ಸೆಕೆಂಡು ನಷ್ಟ. ಎಷ್ಟು ನೇರವಾದ ಗೆರೆ ಎಂದರೆ, ಅದನ್ನು ನಾನು ವಾಚಿನ ಬದಲು ಥರ್ಮಾಮೀಟರೆಂದು ಮಾರಬಹುದಿತ್ತು.

ಮಳವಳ್ಳಿಯಲ್ಲಿ ಒಬ್ಬ ಹಳೇ ವಾಚ್ ರಿಪೇರಿಯವರಿದ್ದಾರೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು. ಕೀ ಕೊಡುವ ವಾಚು ಹೋಗಿ ಸೆಲ್ಲಿನದು ಬಂತು, ಸೆಲ್ಲಿನದೂ ಹೋಗಿ ಫೋನು ಬಂತು. ಅವರು ಮಾತ್ರ ಅಲ್ಲೇ ಇದ್ದಾರೆ. ನನ್ನ ನೋಟ್‌ಬುಕ್ಕನ್ನು ನೋಡಲೂ ಇಲ್ಲ. ಮಿಷಿನ್ ತೆರೆದು ಕಣ್ಣಿಗೆ ಗ್ಲಾಸಿಟ್ಟುಕೊಂಡರು.

"ಇದರ ಚಕ್ರ ಎಲ್ಲಿ ಮೇಷ್ಟ್ರೇ?"

"ಇದೆಯಲ್ಲಾ ಯಜಮಾನ್ರೇ."

"ಇದಲ್ಲ. ಇದರದ್ದು."

"ಅದು ಸೀಳೋಗಿತ್ತು. ಬೇರೆ ಹಾಕ್ದೆ."

ಗ್ಲಾಸು ತೆಗೆದು ನನ್ನ ಮುಖ ನೋಡಿದರು. "ಅದು ಸೀಳೋಗಿರ್ಲಿಲ್ಲ ಮೇಷ್ಟ್ರೇ, ಸೀಳವ್ರೆ."

ಬೇಕೆಂದೇ ಸೀಳಿದ್ದಾರೆ. ಚಕ್ರದ ಅಂಚಿನ ಬಳೆ ಒಂದು ಲೋಹದ್ದಲ್ಲ, ಎರಡರದ್ದು: ಒಳಗೆ ಉಕ್ಕು, ಹೊರಗೆ ಹಿತ್ತಾಳೆ, ಒಂದಕ್ಕೊಂದು ಬೆಸೆದು. ಬಿಸಿಯಾದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಸೀಳಿದ ತುದಿ ಒಳಕ್ಕೆ ಬಾಗುತ್ತದೆ. ಚಕ್ರದ ಭಾರ ನಡುವಿಗೆ ಸರಿದರೆ ಅದು ಬೇಗ ತೂಗುತ್ತದೆ, ತಿರುಗುವವನು ಚಾಚಿದ ಕೈಯನ್ನು ಎದೆಗೆ ಸೇರಿಸಿಕೊಂಡರೆ ರಭಸ ಹೆಚ್ಚುವ ಹಾಗೆ. ಸ್ಪ್ರಿಂಗ್ ಬಿಸಿಗೆ ಸೋತಷ್ಟನ್ನು ಚಕ್ರ ಗೆದ್ದುಕೊಡುತ್ತದೆ. ಬಳೆ ಸೀಳದಿದ್ದರೆ ಬಾಗಲು ಎಡೆಯೇ ಇರುವುದಿಲ್ಲ.

ನಾನು ಇಸ್ತ್ರಿಪೆಟ್ಟಿಗೆಯ ಉದಾಹರಣೆ ಕೊಟ್ಟು ವರ್ಷ ವರ್ಷವೂ ಮಕ್ಕಳಿಗೆ ದ್ವಿಲೋಹ ಪಟ್ಟಿಯ ಪಾಠ ಮಾಡಿದವನು. ಬೋರ್ಡಿನ ಮೇಲೆ ಅದರ ಚಿತ್ರ ಬರೆದು, ಅದು ಹಿತ್ತಾಳೆಯ ಕಡೆಯಿಂದ ಬಾಗುವ ದಿಕ್ಕಿಗೆ ಬಾಣ ಹಾಕಿ, ತಪ್ಪು ಬರೆದವರ ಅಂಕ ಕಳೆದವನು. ಅದೇ ಪಟ್ಟಿ ಕೈಯಲ್ಲಿ ಸಿಕ್ಕಾಗ ಒಡೆದ ಮಾಲು ಎಂದು ಗುಂಡಿ ಡಬ್ಬಿಗೆ ಹಾಕಿದ್ದೆ. ಎಸೆದಿರಲಿಲ್ಲ, ಅದೊಂದು ಪುಣ್ಯ.

ಆಮೇಲಿನ ಆರು ತಿಂಗಳು ಓದಿದೆ. ಸೀಳಿದವರು ಯಾರು ಎಂದು ಗೊತ್ತಾಗಬೇಕಿತ್ತು. ಹುಡುಕುತ್ತಾ ಹೋದರೆ ದಾರಿಯುದ್ದಕ್ಕೂ ಕಂಡವರು ನನ್ನಂತೆ ನಕಲು ಮಾಡಲು ಹೊರಟವರೇ.

ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್‌ನಿಂದ ಶುರು. ನಡುಗಡಲಿನಲ್ಲಿ ಹಡಗು ಯಾವ ರೇಖಾಂಶದಲ್ಲಿದೆ ಎಂದು ತಿಳಿಯಲು ಊರಿನ ಸಮಯವನ್ನು ತಪ್ಪದೆ ಹೊತ್ತೊಯ್ಯುವ ಗಡಿಯಾರ ಬೇಕು. ಅರ್ಧ ಡಿಗ್ರಿಯೊಳಗೆ ರೇಖಾಂಶ ತೋರಿಸಿದವರಿಗೆ 20,000 ಪೌಂಡು ಎಂದು ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಬಹುಮಾನ ಸಾರಿತ್ತು. ಹ್ಯಾರಿಸನ್ ಮೂರು ದೊಡ್ಡ ಯಂತ್ರ ಮಾಡಿದ; ಮೂರನೆಯದಕ್ಕೆ ಹೆಣಗುವಾಗಲೇ ಹಿತ್ತಾಳೆ ಉಕ್ಕುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿದ ಪಟ್ಟಿ ಕಂಡುಹಿಡಿದ. ನನ್ನ ಬೋರ್ಡಿನ ಮೇಲಿನ ಚಿತ್ರ ಅವನದು. ನಾಲ್ಕನೆಯದು, 1759ರಲ್ಲಿ ಮುಗಿದದ್ದು, ಅಂಗೈಯಗಲದ ಬೆಳ್ಳಿಯ ವಾಚು. ಒಳಗೆ ವಜ್ರದ ತುಣುಕುಗಳು. 1761ರಲ್ಲಿ ಜಮೈಕಾಕ್ಕೆ ಹೋದಾಗ 81 ದಿನಕ್ಕೆ 5 ಸೆಕೆಂಡು ತಪ್ಪಿತು.

ಬಹುಮಾನ ಮಂಡಳಿಯವರು ಆದರೂ ಪೂರ್ತಿ ದುಡ್ಡು ಕೊಡಲಿಲ್ಲ. ಅವರ ಬಗ್ಗೆ ಬಂದಿರುವ ಬರಹಗಳಲ್ಲಿ ಹಲವು ಅವರನ್ನು ಖಳನಾಯಕರನ್ನಾಗಿ ಮಾಡಿವೆ. ಮುದುಕನನ್ನು ಗೋಳು ಹೊಯ್ದುಕೊಂಡದ್ದು ನಿಜವೇ. ಆದರೆ ಅವರು ಎತ್ತಿದ ಒಂದು ಪ್ರಶ್ನೆ ನನಗೆ ಸರಿ ಎನಿಸುತ್ತದೆ. ಇದು ಇವನೊಬ್ಬನ ಕೈಚಳಕವೋ, ಇನ್ನೊಬ್ಬ ಮಾಡಲು ಬರುವ ವಿದ್ಯೆಯೋ? ಒಬ್ಬನೇ ಮಾಡಬಲ್ಲದ್ದು ಪವಾಡ. ಪವಾಡ ಕಟ್ಟಿಕೊಂಡು ನೌಕಾಪಡೆ ನಡೆಸಲಾಗುವುದಿಲ್ಲ. ಹಾಗಾಗಿ 1765ರಲ್ಲಿ ಹ್ಯಾರಿಸನ್ ಮಂಡಳಿಯವರೂ ಗಡಿಯಾರದವರೂ ಸೇರಿದ ತಜ್ಞರ ಮುಂದೆ ವಾಚನ್ನು ಬಿಚ್ಚಿ ವಿವರಿಸಬೇಕಾಯಿತು. ಆ ಗಡಿಯಾರದವರಲ್ಲಿ ಒಬ್ಬ ಲಾರ್ಕಮ್ ಕೆಂಡಾಲ್. ಇದರ ನಕಲು ಮಾಡು ಎಂದು ಮಂಡಳಿ ಅವನಿಗೇ ಕೆಲಸ ಒಪ್ಪಿಸಿತು.

ಕೆಂಡಾಲ್ ಮಾಡಿದ. ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಫಲಕದ ಮೇಲಿನ ಬಳ್ಳಿಯ ಕೆತ್ತನೆಯನ್ನೂ ಬಿಡದೆ ಮೂಲದ ಹಾಗೇ ಮಾಡಿದ. ಅವನಿಗೆ ಸಿಕ್ಕ ಕೂಲಿ 450 ಪೌಂಡು, ಮೇಲೆ 50 ಇನಾಮು. ಅದರ ಮೇಲೆ ಹ್ಯಾರಿಸನ್ ಹೆಸರು ಹಾಕಲಿಲ್ಲ, ತನ್ನ ಹೆಸರನ್ನೂ 1769 ಎಂಬ ಇಸವಿಯನ್ನೂ ಕೆತ್ತಿದ. ಅದನ್ನು ಓದಿದ ದಿನ ನನಗೆ ಹೆಸರಿಲ್ಲದ ನನ್ನ ಡಯಲಿನ ಬಗ್ಗೆ ಇದ್ದ ಅಳುಕು ಹೋಯಿತು.

ಮೂಲ ವಾಚು ಅಟ್ಲಾಂಟಿಕ್ ದಾಟಿದ್ದು ಎರಡೇ ಸಲ. ಲೋಕ ಸುತ್ತಿದ್ದು ಕೆಂಡಾಲನ ನಕಲು. ಕ್ಯಾಪ್ಟನ್ ಕುಕ್ ತನ್ನ ಎರಡನೆಯ ಯಾನಕ್ಕೆ, 1772ರಿಂದ 1775ರವರೆಗೆ, ಅದನ್ನು ಕೊಂಡೊಯ್ದ. ದಕ್ಷಿಣದ ಹಿಮಗಡ್ಡೆಗಳ ನಡುವೆಯೂ ಉಷ್ಣವಲಯದ ಸೆಖೆಯಲ್ಲೂ ಅದು ಲೆಕ್ಕ ತಪ್ಪಲಿಲ್ಲ; ಕುಕ್ ಮನಸಾರೆ ಹೊಗಳಿ ಬರೆದ. ಜೊತೆಗೆ ಹೋಗಿದ್ದ ಇನ್ನೊಬ್ಬ ಗಡಿಯಾರಗಾರನ ಸ್ವಂತ ವಿನ್ಯಾಸದ ಮೂರು ಗಡಿಯಾರಗಳು ಇದರ ಸಮಕ್ಕೆ ಬರಲಿಲ್ಲ. ಹ್ಯಾರಿಸನ್‌ನ ಆವಿಷ್ಕಾರಕ್ಕೆ ಸಾಕ್ಷಿ ಹೇಳಿದ್ದು ನಕಲು.

ಸ್ಪ್ರಿಂಗ್ ಬಿಸಿಗೆ ಯಾಕೆ ಸೋಲುತ್ತದೆ? ನಾನು ಅದು ಉದ್ದವಾಗುತ್ತದೆ ಎಂದುಕೊಂಡಿದ್ದೆ. ಪಾಠದಲ್ಲಿ ಹಾಗೇ ಬರುತ್ತದೆ, ಲೋಹ ಹಿಗ್ಗುತ್ತದೆ. ಫ್ರಾನ್ಸಿನ ಫರ್ಡಿನಾಂಡ್ ಬೆರ್ತೂ 1773ರ ತನ್ನ ಗ್ರಂಥದಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟಿದ್ದಾನೆ. ಪರಿಹಾರವಿಲ್ಲದ ಗಡಿಯಾರವೊಂದು 60 ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಏರಿದಾಗ ದಿನಕ್ಕೆ 393 ಸೆಕೆಂಡು ಕಳೆದುಕೊಳ್ಳುತ್ತದೆ. ಅದರಲ್ಲಿ ಚಕ್ರ ಹಿಗ್ಗಿದ್ದಕ್ಕೆ 62, ಸ್ಪ್ರಿಂಗ್ ಉದ್ದವಾದದ್ದಕ್ಕೆ ಬರೀ 19. ಉಳಿದ 312 ಸೆಕೆಂಡು ಸ್ಪ್ರಿಂಗಿನ ಪುಟಿತ ಕುಗ್ಗಿದ್ದಕ್ಕೆ. ಬಿಸಿಲಿಗೆ ಉಕ್ಕು ಸೋಮಾರಿಯಾಗುತ್ತದೆ, ಅಷ್ಟೇ. 393ನ್ನು ಸೆಂಟಿಗ್ರೇಡಿಗೆ ಇಳಿಸಿ ಭಾಗಿಸಿದೆ. ಡಿಗ್ರಿಗೆ 12 ಸೆಕೆಂಡಿನ ಆಸುಪಾಸು. ಫ್ರಿಜ್ಜೂ ಮೊಸರಿನ ಪಾತ್ರೆಯೂ ಇಲ್ಲದೆ ಅವನು ಕಂಡುಕೊಂಡದ್ದು ನನ್ನ ನೋಟ್‌ಬುಕ್ಕಿಗೆ ಹತ್ತಿರ ಹತ್ತಿರ ಕೂಡಿಬಂತು.

ಹ್ಯಾರಿಸನ್ ದ್ವಿಲೋಹ ಪಟ್ಟಿಯನ್ನು ಸ್ಪ್ರಿಂಗಿನ ಉದ್ದ ಹೊಂದಿಸಲು ಬಳಸಿದ್ದ. ಫ್ರಾನ್ಸಿನ ಪಿಯರ್ ಲೆ ರುವಾ 1766ರ ಹೊತ್ತಿಗೆ, ಸ್ಪ್ರಿಂಗಿನ ತಂಟೆಗೆ ಹೋಗದೆ ಚಕ್ರವೇ ಬಿಸಿಗೆ ತಕ್ಕಂತೆ ಬದಲಾಗಲಿ ಎಂದ. ಲಂಡನ್ನಿನ ಜಾನ್ ಆರ್ನಲ್ಡ್, ಥಾಮಸ್ ಅರ್ನ್‌ಶಾ ಅದನ್ನು ಕೈಗೆ ಸಿಗುವ ರೂಪಕ್ಕೆ ತಂದರು. ಉಕ್ಕಿನ ಬಿಲ್ಲೆಯ ಸುತ್ತ ಹಿತ್ತಾಳೆಯನ್ನು ಕರಗಿಸಿ ಹುಯ್ದು, ಕಡೆದು ಬಳೆ ಮಾಡಿ, ಎರಡು ಕಡೆ ಸೀಳುವ ಕ್ರಮ ಅರ್ನ್‌ಶಾನದು. ನನ್ನ ಗುಂಡಿ ಡಬ್ಬಿಯಲ್ಲಿದ್ದದ್ದು ಅವನ ಚಕ್ರದ ಮರಿಮೊಮ್ಮಗ.

ಕತೆ ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಯಜಮಾನರು ಇನ್ನೊಂದು ಮಾತು ಹೇಳಿದ್ದರು: "ಜನತಾದಲ್ಲಿ ಚಕ್ರ ಸೀಳಿರಲ್ಲ. ಆದ್ರೂ ಬಿಸಿಲಿಗೆ ಜಗ್ಗಲ್ಲ." ನಿಜ. ನನ್ನ ಕೈಯಲ್ಲೇ ಇದ್ದ ಎಚ್‌ಎಂಟಿ ಜನತಾ ತೆರೆದು ನೋಡಿದೆ. ಇಡೀ ಬಳೆ, ಸೀಳಿಲ್ಲ, ದ್ವಿಲೋಹವೂ ಇಲ್ಲ. ಹಾಗಾದರೆ ನನ್ನ ವಾಚಿನ ಗಟ್ಟಿ ಚಕ್ರ ಏನು ತಪ್ಪು ಮಾಡಿತ್ತು?

ತಪ್ಪು ಚಕ್ರದ್ದಲ್ಲ, ಸ್ಪ್ರಿಂಗಿನದು. ಇದರ ಜಾಡು ಹಿಡಿದರೆ ಸಿಗುವ ಹೆಸರು ಶಾರ್ಲ್ ಎಡ್ವರ್ಡ್ ಗಿಯೋಮ್. ಹುಟ್ಟಿದ್ದು 1861ರಲ್ಲಿ, ಸ್ವಿಟ್ಜರ್‌ಲೆಂಡಿನ ಫ್ಲೂರಿಯೇ ಎಂಬ ಊರಲ್ಲಿ, ಗಡಿಯಾರದವರ ಮನೆತನ. ಕೆಲಸಕ್ಕೆ ಸೇರಿದ್ದು ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಅಳತೆಗಳ ಸಂಸ್ಥೆಗೆ. ಮೀಟರು ಎಂದರೆ ಎಷ್ಟು ಎಂದು ತೋರಿಸುವ ಪಟ್ಟಿ ಆಗ ಅಲ್ಲಿತ್ತು: 90 ಭಾಗ ಪ್ಲಾಟಿನಮ್, 10 ಭಾಗ ಇರಿಡಿಯಮ್. 1889ರಲ್ಲಿ ಅದರ ಪ್ರತಿಗಳನ್ನು ಚೀಟಿ ಎತ್ತಿ ದೇಶಗಳಿಗೆ ಹಂಚಿದರು. ಆದರೆ ಊರೂರಿನ ಪ್ರಯೋಗಾಲಯಕ್ಕೆ ಪ್ಲಾಟಿನಮ್ ಪಟ್ಟಿ ಕೊಡಲು ಯಾರ ಅಪ್ಪನ ಮನೆ ಗಂಟಿದೆ? ಬಿಸಿಗೆ ಹೆಚ್ಚು ಹಿಗ್ಗದ ಅಗ್ಗದ ಲೋಹದಲ್ಲಿ ಮೀಟರಿನ ನಕಲು ಮಾಡಬಹುದೇ ಎಂದು ಗಿಯೋಮ್ ಹುಡುಕಲು ಹೊರಟ.

ಹೊಸ ಲೋಹ ಕಂಡುಹಿಡಿಯುತ್ತೇನೆ ಎಂದು ಹೊರಟವನಲ್ಲ ಅವನು. ಅಗ್ಗದ ನಕಲು ಬೇಕಿತ್ತು, ಅಷ್ಟೇ. 1895ರಲ್ಲಿ ಅವನ ಸಂಸ್ಥೆಯಲ್ಲೇ ನಿಕಲ್ ಬೆರೆತ ಒಂದು ಉಕ್ಕನ್ನು ಅಳೆದಾಗ ಅದು ಲೆಕ್ಕಕ್ಕಿಂತ ವಿಪರೀತ ಹಿಗ್ಗಿತ್ತು. ಮರುವರ್ಷ 30 ಪಾಲು ನಿಕಲ್ ಇದ್ದ ಇನ್ನೊಂದು ಸರಳು ಬಂತು. ಅದು ಪ್ಲಾಟಿನಮ್ಮಿಗಿಂತ ಮೂರನೇ ಒಂದು ಪಾಲು ಕಡಿಮೆ ಹಿಗ್ಗಿತು. ಕಬ್ಬಿಣವೂ ಪ್ಲಾಟಿನಮ್ಮಿಗಿಂತ ಹೆಚ್ಚು ಹಿಗ್ಗುವ ಲೋಹ, ನಿಕಲ್ಲೂ ಹಾಗೇ. ಎರಡು ಧಾರಾಳಿಗಳು ಕೂಡಿದರೆ ಜಿಪುಣ ಹುಟ್ಟುವುದು ಹೇಗೆ? ಗಿಯೋಮ್ ಅದನ್ನು ಅಳತೆಯ ತಪ್ಪೆಂದು ಬಿಡಲಿಲ್ಲ, ನಾನು ಚಕ್ರವನ್ನು ಬಿಟ್ಟ ಹಾಗೆ. ಇಂಫಿ ಎಂಬ ಊರಿನ ಉಕ್ಕಿನ ಕಾರ್ಖಾನೆಯಿಂದ ನಿಕಲ್ಲಿನ ಪಾಲು ಬದಲಿಸುತ್ತಾ ಒಂದಾದ ಮೇಲೊಂದು ಸರಳು ತರಿಸಿ ಅಳೆಯುತ್ತಾ ಹೋದ. ಶೇ. 36ಕ್ಕೆ ಬಂದಾಗ ಹಿಗ್ಗುವುದು ಮಾಮೂಲಿ ಉಕ್ಕಿನ ಹತ್ತನೇ ಒಂದು ಪಾಲಿಗೆ ಇಳಿದಿತ್ತು. ಬದಲಾಗದ್ದು ಎಂಬ ಅರ್ಥದಲ್ಲಿ ಅದರ ಹೆಸರು ಇನ್ವಾರ್.

ಗಡಿಯಾರದವರ ಮನೆಯ ಹುಡುಗನಲ್ಲವೇ, ಮೀಟರಿನಿಂದ ಸ್ಪ್ರಿಂಗಿಗೆ ಬರಲು ಬಹಳ ದಿನ ಬೇಕಾಗಲಿಲ್ಲ. ನಿಕಲ್ ಉಕ್ಕಿನ ಪುಟಿತವೂ ವಿಚಿತ್ರ, ಬಿಸಿಗೆ ಕುಗ್ಗುವ ಬದಲು ಹೆಚ್ಚುವುದೂ ಉಂಟು ಎಂದು ಸ್ವಿಸ್ ಗಡಿಯಾರಗಾರ ಪಾಲ್ ಪೆರೆ ಜೊತೆಗೂಡಿ ಕಂಡುಕೊಂಡ. ಹಾಗಾದರೆ ಕುಗ್ಗದ, ಹೆಚ್ಚದ ಒಂದು ಬೆರಕೆ ಇರಲೇಬೇಕು. ಕ್ರೋಮಿಯಮ್ ಸೇರಿಸಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದನ್ನೂ ಹಿಡಿದ. ಎಲಿನ್ವಾರ್ ಎಂದು ಕರೆದ. 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಅವನಿಗೆ ಬಂತು. ಅದರ ಮರುವರ್ಷದ್ದು ಐನ್‌ಸ್ಟೈನರಿಗೆ. ಅಳತೆಪಟ್ಟಿ, ಸ್ಪ್ರಿಂಗುಗಳ ಗಿಯೋಮನನ್ನು ಆ ಹೆಸರಿನ ಪಕ್ಕ ಕೂರಿಸಲು ಕೆಲವರಿಗೆ ಇವತ್ತಿಗೂ ಇಷ್ಟವಿಲ್ಲ. ನನ್ನನ್ನು ಕೇಳಿದರೆ ಆ ಬಹುಮಾನ ಸರಿಯಾದವನಿಗೇ ಹೋಯಿತು. 1933ರಲ್ಲಿ ರೈನ್‌ಹಾರ್ಡ್ ಸ್ಟ್ರೌಮನ್ ಬೆರಿಲಿಯಮ್ ಸೇರಿಸಿ ಇನ್ನೂ ಗಟ್ಟಿಯಾದ ನಿವಾರಾಕ್ಸ್ ಮಾಡಿದ ಮೇಲೆ ಚಕ್ರ ಸೀಳುವ ಕೆಲಸವೇ ತಪ್ಪಿತು. ವಾಚು ಅಗ್ಗವಾದದ್ದಕ್ಕೆ ಇದೂ ಒಂದು ಕಾರಣ.

ಆ ಅಗ್ಗದ ವಾಚು ನಮ್ಮ ಕಡೆಗೂ ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಮೊದಲ ವಾಚುಗಳ ಡಯಲಿನ ಮೇಲೆ ಎರಡೂ ಕಂಪನಿಗಳ ಹೆಸರು ಇರುತ್ತಿದ್ದವು. ಅವರದನ್ನು ಜೋಡಿಸಿ, ನೋಡಿ, ಕಲಿತು, ಆಮೇಲೆ ತಾವೇ ಮಾಡಿದರು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ಮದುವೆಯಲ್ಲಿ ಗಂಡಿಗೆ ಎಚ್‌ಎಂಟಿ ಕೊಡದ ಮಾವನಿಗೆ ಮಂಡ್ಯ ಜಿಲ್ಲೆಯಲ್ಲಿ ತಲೆ ಎತ್ತಿ ತಿರುಗಲಾಗುತ್ತಿರಲಿಲ್ಲ. ತಾತ ಒಂದು ಜೊತೆ ಎತ್ತಿನ ಬೆಲೆಗೆ ಕೊಂಡದ್ದಕ್ಕಿಂತ ನನ್ನ ಜನತಾ ಬಿಸಿಲನ್ನು ಚೆನ್ನಾಗಿ ತಡೆಯುತ್ತಿತ್ತು ಎಂಬುದು ತಾತನಿಗೆ ತಿಳಿಯದೆ ಹೋದದ್ದೇ ಒಳ್ಳೆಯದು. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಶಿವನಸಮುದ್ರದ ಪವರ್‌ಹೌಸು ಇನ್ನೂ ಓಡುತ್ತಿದೆ. 1902ರ ಜೂನ್ 30ರಂದು ಇಲ್ಲಿಂದ 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಹಿಂದಿನ ವರ್ಷವೇ ತೀರಿಹೋಗಿದ್ದರು. ಎಂಜಿನಿಯರು ಜೋಲಿ ದ ಲೋಟ್‌ಬಿನಿಯೇರ್ ಅಮೆರಿಕಕ್ಕೆ ಹೋಗಿ ನಯಾಗರಾ ಮುಂತಾದವನ್ನು ನೋಡಿಕೊಂಡು ಬಂದು ಇಲ್ಲಿ ಕಟ್ಟಿಸಿದ. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನವು, ಟರ್ಬೈನುಗಳು ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯವು. ತಾತ ಪವರ್‌ಹೌಸಿನಲ್ಲಿ ಹಗಲೆಲ್ಲ ನೋಡಿಕೊಳ್ಳುತ್ತಿದ್ದ ಟರ್ಬೈನೂ ಸ್ವಿಸ್, ಕೈಗೆ ಕಟ್ಟಿಕೊಂಡದ್ದೂ ಸ್ವಿಸ್.

ಯಜಮಾನರು ಸೀಳಿದ ಚಕ್ರದ ಸೊಟ್ಟ ತುದಿಯನ್ನು ಚಿಮಟದಲ್ಲಿ ಹಿಡಿದು, ಊದಿದರೆ ಹಾರಿಹೋಗುವ ಹಾಗೆ ನಾಜೂಕಾಗಿ ಸರಿಪಡಿಸಿದರು. ಬಿದ್ದುಹೋಗಿದ್ದ ಸ್ಕ್ರೂ ಇನ್ನೊಂದು ಚಕ್ರದಿಂದ ಬಂತು. ಸ್ಕ್ರೂಗಳನ್ನು ಸೀಳಿನ ತುದಿಯ ಕಡೆಗೆ ಸರಿಸಿದಷ್ಟೂ ಪರಿಹಾರ ಹೆಚ್ಚು. ಹೀಗೆ ಸರಿಸಿ, ಫ್ರಿಜ್ಜಿನಲ್ಲಿಟ್ಟು, ಬಿಸಿಲಲ್ಲಿಟ್ಟು, ಮತ್ತೆ ಸರಿಸಿ, ಎರಡು ಬೇಸಿಗೆ ಕಳೆದವು. ಈಗ ತಂಪಿಗೂ ಸೆಖೆಗೂ ದಿನಕ್ಕೆ 20 ಸೆಕೆಂಡಿನ ಅಂತರ. ಇದಕ್ಕಿಂತ ಇಳಿಸಲು ನನ್ನ ಕೈಯಲ್ಲಿ ಆಗಿಲ್ಲ. ಯಜಮಾನರು ದುಡ್ಡು ಮುಟ್ಟಲಿಲ್ಲ, ಫೋಟೋದ ಒಂದು ಪ್ರತಿ ಕೇಳಿ ಪಡೆದುಕೊಂಡರು.

ನಿಮ್ಮ ಮನೆಯ ಟ್ರಂಕಿನಲ್ಲಿ, ಗುಂಡಿ ಡಬ್ಬಿಯಲ್ಲಿ, ಹಳೇ ಕೀ ಕೊಡುವ ವಾಚೊಂದು ಸತ್ತು ಬಿದ್ದಿರಬಹುದು. ತೆರೆಸಿದಾಗ ಒಳಗಿನ ಚಕ್ರ ಸೀಳಿದಂತೆ ಕಂಡರೆ ಸೀಳುಗಳನ್ನು ಎಣಿಸಿ. ಎರಡಿದ್ದು, ಒಂದಕ್ಕೊಂದು ಎದುರುಬದುರಾಗಿ ಅಡ್ಡಪಟ್ಟಿಯ ಪಕ್ಕದಲ್ಲೇ ಇದ್ದರೆ ಅದನ್ನು ಬದಲಾಯಿಸಲು ಯಾರಿಗೂ ಬಿಡಬೇಡಿ.